ಹುಳುಕು

ಹಲ್ಲಿಗೆ ಬಂದರೂ ಮರಕ್ಕೆ ಬಂದರೂ ನಮ್ಮ ಭಾಷೆಯಲ್ಲಿ ಅದಕ್ಕೊಂದೇ ಹೆಸರು: ಹುಳುಕು. ಇಷ್ಟೇ ಕಾರಣಕ್ಕೆ ಹಲ್ಲಿನ ಡಾಕ್ಟರಾದ ನನ್ನ ಗಂಡ ಊರಿನ ಕಾಡು ಕಾಯುವ ಸಂಘಕ್ಕೆ ಅಧ್ಯಕ್ಷರಾದರು. ಬೇರೆ ಅರ್ಹತೆ ಏನಿತ್ತೋ ನನಗಂತೂ ಗೊತ್ತಿಲ್ಲ.

ನಮ್ಮದು ಗುಡ್ಡದ ಊರು, ಮನೆಗಳ ಬೆನ್ನಿಗೇ ಕಾಡು. ಆ ವರ್ಷ ಮರಗಳ ತೊಗಟೆಯೊಳಗೆ ಹುಳ ಹೊಕ್ಕಿತ್ತು. ಹುಳ ಹತ್ತಿದ ಮರವನ್ನು ಬೇಸಿಗೆಗೆ ಮೊದಲೇ ಕಡಿದು ತೊಗಟೆ ಸುಡಬೇಕು. ಬಿಸಿಲೇರಿತೋ, ಹುಳಕ್ಕೆ ರೆಕ್ಕೆ ಬಂದು ಪಕ್ಕದ ಮರಕ್ಕೆ ಹಾರುತ್ತದೆ. ಆಮೇಲೆ ಗುಡ್ಡವೆಲ್ಲ ಒಣ ಸೌದೆ. ಒಂದು ಕಿಡಿ ಬಿದ್ದರೆ ಊರೂ ಇಲ್ಲ. ಅಧ್ಯಕ್ಷರು ಇದನ್ನೆಲ್ಲ ಎಷ್ಟು ಚೆನ್ನಾಗಿ ಹೇಳುತ್ತಿದ್ದರೆಂದರೆ, ಬೇಕರಿಯವನು ತನ್ನ ಅಂಗಳದ ಮರವನ್ನು ತಾನೇ ನಿಂತು ಕಡಿಸಿದ. ಟೀಚರಮ್ಮ ಅಳುತ್ತಲೇ ಒಪ್ಪಿದರು.

ಆಮೇಲೆ ನಮ್ಮ ಹಿತ್ತಲಿನ ಮರದ ಬುಡದಲ್ಲಿ ತೊಗಟೆ ಕೊರೆದ ಪುಡಿ ಉದುರಿತು. ಇವರು ಶಾಲೆಗೆ ಹೋಗುವಾಗ ನೆಟ್ಟ ಮರ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರಲ್ಲ, ನೆಟ್ಟವರದೂ ಅದೇ ಕಥೆ.

"ಇರುವೆ ಇರ್ಬೇಕು ಬಿಡೇ," ಅಂದರು.

ನಾನು ತೊಗಟೆ ಎಬ್ಬಿಸಿ ಹುಳವನ್ನೇ ತೋರಿಸಿದೆ.

"ಒಂದೇ ಅಲ್ವಾ? ಸ್ವಲ್ಪ ದಿನ ನೋಡೋಣ."

ಮುಂದಿನ ಸಭೆಯಲ್ಲಿ ಅಧ್ಯಕ್ಷರು ಗಂಟಲು ಸರಿಮಾಡಿಕೊಂಡು, ಇನ್ನು ಮೇಲೆ ಯಾವುದೇ ಮರ ಕಡಿಯುವ ಮೊದಲು ಆಳವಾದ ಅಧ್ಯಯನ ಆಗಬೇಕು ಅಂದುಬಿಟ್ಟರು. ಟೀಚರಮ್ಮ ಅವರನ್ನೇ ನೋಡುತ್ತಿದ್ದರು. ನಾನು ತಲೆ ತಗ್ಗಿಸಿದೆ.

ಆ ಸಂಜೆ ಹಿತ್ತಲಿಗೆ ಹೋದರೆ, ಇವರು ಕ್ಲಿನಿಕ್ಕಿನಿಂದ ಹಲ್ಲಿಗೆ ತುಂಬುವ ಸಿಮೆಂಟು ತಂದು ಮರದ ತೂತುಗಳಿಗೆ ತುಂಬುತ್ತಿದ್ದಾರೆ! ಮೊಣಕಾಲೂರಿ, ಒಂದೊಂದನ್ನೂ ಒರೆಸಿ ಒರೆಸಿ. ನಗು ಬಂತು, ಹಿಂದೆಯೇ ಮೈ ಉರಿಯಿತು.

"ಟೀಚರಮ್ಮನ ಮರಕ್ಕೆ ಈ ಔಷಧಿ ಇರ್ಲಿಲ್ವೇನ್ರೀ?"

"ಮೆತ್ತಗೆ ಮಾತಾಡೇ, ಪಕ್ಕದ ಮನೆಗೆ ಕೇಳುತ್ತೆ."

ಪಕ್ಕದ ಮನೆಗೆ ಕೇಳಿತೋ ಇಲ್ಲವೋ, ಬಾಗಿಲಲ್ಲಿ ಕೂತು ಬಿಸ್ಕತ್ತನ್ನು ಟೀಯಲ್ಲಿ ನೆನೆಸುತ್ತಿದ್ದ ನಮ್ಮ ಅತ್ತೆಗೆ ಕೇಳಿತು.

"ಏನೋ ಅದು, ಮರಕ್ಕೂ ಫಿಲ್ಲಿಂಗಾ?"

"ಹೂಂ ಅಮ್ಮ. ಸರಿಹೋಗುತ್ತೆ."

"ನಂಗೂ ಹಾಗೇ ಅಂದಿದ್ದೆ. ಊರಿನವರ ಹುಳುಕು ಹಲ್ಲನ್ನ ಮುಲಾಜಿಲ್ಲದೆ ಕಿತ್ತೆ, ಅವರು ಇವತ್ತಿಗೂ ಕಟಕಟ ಅಂತ ಕಡಲೆ ಕಡೀತಾರೆ. ಅಮ್ಮನಿಗೆ ನೋವಾಗುತ್ತೆ ಅಂತ ನಂದನ್ನ ಮಾತ್ರ ತುಂಬಿದೆ, ಮತ್ತೆ ತುಂಬಿದೆ. ಅದರಿಂದ ಪಕ್ಕದ್ದು ಹಾಳಾಯ್ತು, ಅದರ ಪಕ್ಕದ್ದೂ ಹೋಯ್ತು."

ಇವರು ಮುಂದಿನ ತೂತನ್ನು ಒರೆಸತೊಡಗಿದರು.

"ಪ್ರೀತಿಗೇ ಮಾಡ್ದೆ, ನಂಗೊತ್ತಿಲ್ವೇನಪ್ಪ? ಇಲ್ಲಿ ನೋಡು."

ಅತ್ತೆ ಬಾಯಿ ಅಗಲಿಸಿದರು. ಮೇಲೆ ಒಂದೂ ಹಲ್ಲಿಲ್ಲ, ಕೆಳಗೂ ಒಂದಿಲ್ಲ. ಇವರು ಆ ಬಾಯನ್ನು ನೋಡಿದರು, ತಿರುಗಿ ಗುಡ್ಡವನ್ನು ನೋಡಿದರು. ನನಗೆ ಅಯ್ಯೋ ಅನ್ನಿಸಿತು. ಆಮೇಲೆ ಇವರು ಕೈ ಒರೆಸಿಕೊಂಡು, ಗರಗಸದವನನ್ನು ಕರೆತರಲು ಎದ್ದರು.

ಇವರು ಗೇಟು ದಾಟುವವರೆಗೂ ಅತ್ತೆ ಬಾಯಿ ಮುಚ್ಚಲಿಲ್ಲ.