ಮುದುಕಿಗೆ ನೀರು

ನನಗೆ ಮೂಗಿನ ತುದಿಯಲ್ಲೇ ಕೋಪ, ಒಪ್ಪಿಕೊಳ್ಳುತ್ತೇನೆ. ಆದರೆ ಮಹಡಿಯವಳ ಜೊತೆ ಆರು ತಿಂಗಳು ಮಾತು ಬಿಟ್ಟದ್ದಕ್ಕೆ ಅದೊಂದೇ ಕಾರಣವಲ್ಲ. ಮಹಡಿಯವಳು ಎಂದರೆ ನನ್ನ ಮೈದುನನ ಹೆಂಡತಿ, ಬಸ್ ನಿಲ್ದಾಣದ ಕೌಂಟರಿನಲ್ಲಿ ಟಿಕೆಟ್ ಕೊಡುವ ಕೆಲಸ. ನಾವು ಕೆಳಗೆ, ಅವರು ಮೇಲೆ. ಅತ್ತೆ ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಾಗ, ಮೆಟ್ಟಿಲು ಹತ್ತಿಸುವುದು ಯಾಕೆ, ಕೆಳಗೇ ಇರಲಿ ಎಂದೆ. ಮನೆ ನಿಮ್ಮ ಪಾಲಿಗೆ ಬರಲಿ ಅಂತ ತಾನೇ ಈ ಪ್ರೀತಿ ಎಂದುಬಿಟ್ಟಳು. ನಾನೇನು ಸುಮ್ಮನಿರುವವಳೇ? ಚಿಲ್ಲರೆ ಇಲ್ಲ ಅಂತ ಕೌಂಟರಿನಲ್ಲಿ ಕೈಯೆತ್ತಿ ಕೈಯೆತ್ತಿ ಮನೆಯಲ್ಲೂ ಅದೇ ಅಭ್ಯಾಸ ನಿನಗೆ ಎಂದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಲ್ಲಿಂದಾಚೆ ಅಣ್ಣತಮ್ಮಂದಿರೇ ನಮ್ಮಿಬ್ಬರ ನಡುವಿನ ಅಂಚೆಯವರು. ಬೆಳಿಗ್ಗೆ ಅತ್ತೆಯ ಚಾಕರಿ ನನ್ನದು, ಸಂಜೆ ಅವಳದು. ಅವಳು ಕೋಣೆಗೆ ಬಂದರೆ ನಾನು ಎದ್ದು ಹೊಲಿಗೆ ಯಂತ್ರದ ಮುಂದೆ ಕೂರುತ್ತಿದ್ದೆ.

ಹಿತ್ತಲಿನಲ್ಲಿ ದೊಡ್ಡ ಮಣ್ಣಿನ ಕುಂಡವೊಂದರಲ್ಲಿ ಅತ್ತೆಯ ಹೂವಿನ ಗಿಡವಿತ್ತು. ನನ್ನ ಮೈದುನನಿಗಿಂತ ಎರಡು ವರ್ಷ ದೊಡ್ಡದು. ಪ್ರತಿ ಚಳಿಗಾಲಕ್ಕೂ ಸತ್ತಂತೆ ನೆಲಕ್ಕೊರಗುತ್ತಿತ್ತು, ಚಳಿ ಕಳೆದ ಮೇಲೆ ಬೇರಿನಿಂದ ಎದ್ದು ಮೊರದಷ್ಟು ಬಿಳಿ ಹೂ ಬಿಡುತ್ತಿತ್ತು. ಅತ್ತೆ ಅದನ್ನು ‘ಮುದುಕಿ’ ಎಂದೇ ಕರೆಯುತ್ತಿದ್ದರು.

ಎಲೆ ಹಳದಿಯಾಗತೊಡಗಿದಾಗ ಅತ್ತೆ ಹಾಸಿಗೆಯಿಂದಲೇ ಪಾಠ ಹೇಳಿದರು. ಒಂದೆಲೆ ಹಸಿರಿದ್ದರೂ ಕತ್ತರಿ ಮುಟ್ಟಿಸಬಾರದು, ಅದು ಬೇರಿಗೆ ಊಟ ಕಳಿಸುತ್ತಿರುತ್ತದೆ. ಪೂರ್ತಿ ಒಣಗಿದ ಮೇಲೆ ನಾಲ್ಕು ಬೆರಳು ಬಿಟ್ಟು ಕತ್ತರಿಸಬೇಕು. ಕುಂಡವನ್ನು ಗೋಡೆಯ ಮಗ್ಗುಲಿಗೆ ಸರಿಸಿ, ಮೇಲೆ ಗೇಣು ದಪ್ಪಕ್ಕೆ ತರಗೆಲೆ ಹೊದಿಸಬೇಕು. ಚಳಿ ಹೋಗುವವರೆಗೆ ಆ ಹೊದಿಕೆ ತೆಗೆದು ನೋಡಬಾರದು. ತಿಂಗಳಿಗೆ ಒಂದು ಲೋಟ ನೀರು, ಅಷ್ಟೇ. ಮಲಗಿದ ಗಿಡ ಕುಡಿಯುವುದಿಲ್ಲ. ಎಲ್ಲ ಹೇಳಿ ಮುಗಿಸಿ ನನ್ನ ಮಣಿಕಟ್ಟು ಹಿಡಿದುಕೊಂಡರು.

“ಇನ್ನೊಂದು ಸಲ ಅದರ ಹೂ ನೋಡ್ಬೇಕು ಕಣೇ. ಆಮೇಲೆ ಏನಾದ್ರೂ ಆಗ್ಲಿ.”

ಡಾಕ್ಟರು ಅತ್ತೆಯ ಹೃದಯದ ಬಗ್ಗೆ ಏನು ಹೇಳಿದ್ದರೆಂದು ನನಗೆ ಗೊತ್ತಿತ್ತು. ಅದೇ ಸಂಜೆ ಮಹಡಿಯವಳಿಗೂ ಅದೇ ಪಾಠ ಹೇಳಿ, ಅದೇ ಮಾತು ಅಂದರಂತೆ.

ಕತ್ತರಿಸಿದ್ದು, ಹೊದಿಸಿದ್ದು ಎಲ್ಲ ನಾನೇ, ಹೇಳಿದ ಹಾಗೆಯೇ. ನೀರಿನ ವಿಷಯದಲ್ಲಿ ಮಾತ್ರ ಮನಸ್ಸು ಕೇಳಲಿಲ್ಲ. ಅವಳಂತೂ ಹನಿ ಹಾಕುವವಳಲ್ಲ, ಕೆಲಸ ಮುಗಿಸಿ ಬಂದವಳೇ ಕಾಲು ಚಾಚುವವಳು ಎಂಬುದು ನನ್ನ ಲೆಕ್ಕ. ಇಡೀ ಚಳಿಗಾಲ ಒಂದು ಜೀವ ತಿಂಗಳಿಗೊಂದು ಲೋಟದಲ್ಲಿ ಬದುಕುವುದುಂಟೇ? ಸೋಮವಾರಕ್ಕೊಂದು ಚೊಂಬು ಕುಂಡದ ಅಂಚಿನಿಂದ ಎಲೆಯಡಿಗೆ ಸುರಿದೆ. ಕೆಟ್ಟ ಚಳಿಯ ವಾರಗಳಲ್ಲಿ ಉಗುರುಬೆಚ್ಚಗೆ ಮಾಡಿ ಸುರಿದೆ. ನಿಜ ಹೇಳಬೇಕೆಂದರೆ, ಹೂ ಬಿಟ್ಟ ದಿನ ಅತ್ತೆ ಅವಳ ಮುಂದೆಯೇ ‘ಹಿರೀಸೊಸೆ ಉಳಿಸಿದಳು’ ಅನ್ನಬೇಕೆಂಬ ಆಸೆಯೂ ಇತ್ತು. ಅತ್ತೆ ದಿನಾ ಗಿಡದ ಸುದ್ದಿ ಕೇಳುತ್ತಿದ್ದರು, ಬೆಚ್ಚಗೆ ಮಲಗಿದೆ ಎನ್ನುತ್ತಿದ್ದೆ.

ಚಳಿ ಕಳೆಯಿತು. ಪಕ್ಕದ ಮನೆಯವರ ಬೇಲಿಯಲ್ಲೆಲ್ಲ ಚಿಗುರು. ನಮ್ಮ ಕುಂಡದಲ್ಲಿ ಏನೂ ಇಲ್ಲ. ಅತ್ತೆಯ ಪಾದಗಳು ಆಗಲೇ ಊದಿಕೊಂಡಿದ್ದವು, ಎರಡು ತುತ್ತಿಗೇ ಸಾಕು ಅನ್ನುತ್ತಿದ್ದರು. ಒಂದು ಗುರುವಾರ ಬೆಳಿಗ್ಗೆ ತಾಳಲಾರದೆ ತರಗೆಲೆ ಸರಿಸಿದೆ. ಕೆಳಗಿನ ಎಲೆಗಳು ಕಪ್ಪಗೆ ಅಂಟಿಕೊಂಡಿದ್ದವು. ಬುಡ ಮುಟ್ಟಿದರೆ ಕೊಳೆತ ಆಲೂಗಡ್ಡೆಯ ಹಾಗೆ ಬೆರಳು ಒಳಕ್ಕೇ ಹೋಯಿತು. ಬಾಚಿ ಬಾಚಿ ತೆಗೆದೆ, ಗಟ್ಟಿ ಬೇರು ಒಂದೂ ಕೈಗೆ ಸಿಗಲಿಲ್ಲ.

ಹಿಂದಿನ ಮೆಟ್ಟಿಲಲ್ಲಿ ಸದ್ದಾಯಿತು. ಮಹಡಿಯವಳು. ಅವಳಿಗೆ ಅಂದು ರಜೆ. ಕೈಯಲ್ಲಿ ತುಂಬಿದ ಚೊಂಬು.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ಕೇಳಿದವಳು ನಾನೇ.

“ನೀನೂ ಹಾಕ್ತಿದ್ಯಾ?”

“ಪ್ರತೀ ಗುರುವಾರ. ನನ್ ಮೇಲಿನ ಸಿಟ್ಟಿಗೆ ನೀವು ಹಾಕಲ್ಲ ಅಂದ್ಕೊಂಡೆ ಅಕ್ಕಾ.”

ಆರು ತಿಂಗಳ ಮೇಲೆ ಅಕ್ಕಾ ಅಂದಿದ್ದಳು. ಅದಕ್ಕೆ ಅಳು ಬಂತೋ ಗಿಡಕ್ಕೆ ಬಂತೋ ನನಗೆ ತಿಳಿಯಲಿಲ್ಲ. ಅವಳು ಚೊಂಬು ಕೆಳಗಿಟ್ಟು ನನ್ನ ಪಕ್ಕ ಕುಕ್ಕರಗಾಲಲ್ಲಿ ಕೂತು, ತಾನೂ ಕೈ ಹಾಕಿ ಹುಡುಕಿದಳು. ಒಂದಾದರೂ ಇರಬಹುದು ಅಕ್ಕಾ, ಒಂದಾದರೂ ಇರಬಹುದು ಎಂದು ಗೊಣಗುತ್ತಲೇ ಇದ್ದಳು. ಇರಲಿಲ್ಲ.

ಒಳಗಿನಿಂದ ಅತ್ತೆ ಕೂಗಿದರು. ಇಬ್ಬರೂ ಹೋದೆವು. ಮುಖ ಅರಳಿತ್ತು, ತಲೆ ಎತ್ತಲು ನೋಡುತ್ತಿದ್ದರು.

“ಇಬ್ರೂ ಮಾತಾಡ್ತಿರೋದು ಕೇಳಿಸ್ತು. ಚಿಗುರಿತು ಅಲ್ವಾ?”

ಹೂಂ ಅತ್ತೆ, ಚಿಗುರಿದೆ ಎಂದೆ. ಕೆಂಪು ಮೊಗ್ಗಿನಂಥ ಎರಡು ಚಿಗುರು ಎಂದು ಅವಳು ಸೇರಿಸಿದಳು. ಯಾರ ಕೈಗುಣ ಎಂದು ಅತ್ತೆ ಕೇಳಿದರು. ಅಕ್ಕನದು ಎಂದಳು ಅವಳು. ಇವಳದೇ ಎಂದೆ ನಾನು. ಅತ್ತೆ ನಕ್ಕು, ಮುದ್ದು ಮಾಡಲೆಂದು ನನ್ನ ಕೈ ಎಳೆದು ಕೆನ್ನೆಗೆ ಒತ್ತಿಕೊಂಡರು. ಕೈ ತೊಳೆದಿರಲಿಲ್ಲ. ಐವತ್ತು ವರ್ಷ ಮಣ್ಣು ಕೆದಕಿದ ಹೆಂಗಸಿಗೆ ಕೊಳೆತ ಬೇರಿನ ವಾಸನೆ ತಿಳಿಯದೇ? ನಗು ಹಾಗೇ ನಿಂತಿತು.

“ಎಷ್ಟ್ ಹಾಕಿದ್ರಿ?”

ಹೇಳಿದೆವು. ಸೋಮವಾರದ್ದು, ಗುರುವಾರದ್ದು, ಎರಡನ್ನೂ. ಅತ್ತೆ ಕೈ ಬಿಟ್ಟರು.

“ಒಬ್ರನ್ನೊಬ್ರು ಒಂದ್ ಮಾತು ಕೇಳಿದ್ರೆ ಸಾಕಿತ್ತು” ಎಂದು ಗೋಡೆಯ ಕಡೆ ತಿರುಗಿಕೊಂಡರು.

ಮಧ್ಯಾಹ್ನದ ಹೊತ್ತಿಗೆ ಅನ್ನ ಮೆತ್ತಗೆ ಬೇಯಿಸಿ, ಹಿಸುಕಿ, ತಟ್ಟೆಗೆ ಬಡಿಸಿಕೊಂಡು ಕೋಣೆಗೆ ಹೋದೆ. ಹಾಸಿಗೆಯ ಪಕ್ಕ ಮಹಡಿಯವಳು ಆಗಲೇ ನಿಂತಿದ್ದಳು. ಅವಳ ಕೈಯಲ್ಲೂ ಹಿಸುಕಿದ ಅನ್ನದ ತಟ್ಟೆಯಿತ್ತು.