ಪಾದ್ರಿಯ ಬಂಗಾರ

ಗಜೇಂದ್ರಗಡದ ಪೇಟೆಯಲ್ಲಿದ್ದ ಸೀರೆ ಅಂಗಡಿ, ಅದರ ಹಿಂದಿನ ದೊಡ್ಡ ಮನೆ, ಎರಡು ಆಕಳು, ಎಲ್ಲವನ್ನೂ ತಮ್ಮನಿಗೆ ಬಿಟ್ಟು ಗುರುಸಂಗಪ್ಪ ರಾಜೂರಿಗೆ ಬಂದು ಮಗ್ಗಕ್ಕೆ ಕೂತ. ಅಂದಿನಿಂದ ಅವನ ಹೆಂಡತಿ ನೀಲವ್ವ ಅವನೊಡನೆ ಮಾತು ಬಿಟ್ಟಳು. ನರಗುಂದದ ಬಂಡಾಯಕ್ಕೆ ಇನ್ನೂ ಮೂರು ವರ್ಷವಿತ್ತು.

ನೂಲು ತರಲೆಂದು ಬೆಟಗೇರಿಗೆ ಹೋಗುತ್ತಿದ್ದ ಗುರುಸಂಗಪ್ಪ ಎರಡು ವರ್ಷ ಪಾದ್ರಿಯ ಮಾತು ಕೇಳಿ, ಕೊನೆಗೆ ತಲೆಗೆ ನೀರು ಹಾಕಿಸಿಕೊಂಡು ಕಿರಿಸ್ತಾನನಾಗಿದ್ದ. ಗಂಡನ ಹಿಂದೆ ನೀಲವ್ವನೂ ಆದಳು. ಅದೇ ದಿನ, ಪಾದ್ರಿಯ ಅಂಗಳದಲ್ಲಿ ಹತ್ತಾರು ಜನರ ನಡುವೆ, ಗಂಡ ಅವಳ ಕಡೆ ತಿರುಗಿ, "ಅನಾಥ ಮಕ್ಕಳ ಸಾಲಿಗೆ ನಿನ್ನ ಒಡವಿ ಕೊಡ್ತೀ ಅಲ್ಲ?" ಎಂದ. ಶಾಲೆಗೆ ಒಡವೆ ಬೇಡ ಎಂದು ಪಾದ್ರಿ ಹೇಳಿದರೂ ಅವನು ಕೇಳಲಿಲ್ಲ. ತನ್ನ ಅಪ್ಪ ಹಾಕಿದ್ದ ಬಂಗಾರದ ಪುತಳಿ ಸರವನ್ನೂ ಕೈಯ ಪಾಟಲಿಗಳನ್ನೂ ನೀಲವ್ವ ಕಿತ್ತು ಕೊಟ್ಟಳು. ಅವಳು ತಲೆ ಎತ್ತದೆ ನಿಂತದ್ದು ಭಕ್ತಿಯಿಂದ ಎಂದು ಅಲ್ಲಿದ್ದವರು ತಿಳಿದರು.

ಜಾತಿ ಬಿಟ್ಟವನಿಗೂ ಆಸ್ತಿಯ ಪಾಲು ತಪ್ಪಬಾರದೆಂದು ಕುಂಪಣಿ ಸರ್ಕಾರ ಆಗಲೇ ಕಾಯಿದೆ ಮಾಡಿತ್ತು. ಧಾರವಾಡದ ಕಚೇರಿಗೆ ಒಂದು ಅರ್ಜಿ ಕೊಟ್ಟರೆ ಸಾಕಿತ್ತು. ಗುರುಸಂಗಪ್ಪ ಕೊಡಲಿಲ್ಲ. "ಹೊಟ್ಟಿಗೆ, ಮೈಗೆ ಆಗೋವಷ್ಟಿದ್ರ ಸಾಕು. ಹೆಚ್ಚಿಂದು ನಮ್ಮದಲ್ಲ" ಎಂದ.

ರಾಜೂರಿನಲ್ಲಿ ಯಾರೂ ಅವರಿಗೆ ಮನೆ ಕೊಡಲಿಲ್ಲ. ಊರ ಅಂಚಿನ ವಿಧವೆ ಜಮಾಲಬಿ ತನ್ನ ಹಳೇ ದನದ ಕೊಟ್ಟಿಗೆ ಬಿಟ್ಟುಕೊಟ್ಟಳು. ನೆಲದಲ್ಲಿ ಕುಣಿ ತೋಡಿ ಮಗ್ಗ ಹೂಡಿದರು. ಎರಡು ಗಡಿಗೆ, ಒಂದು ಕಂಬಳಿ, ಬೀಸುವ ಕಲ್ಲು, ಒಂದು ಚೀಲ ಜೋಳ. ದಿನಾ ರೊಟ್ಟಿ, ಖಾರ. ಬಾವಿಗೆ ಹೋದರೆ ಹೆಂಗಸರು ಹಗ್ಗ ಎಳೆದುಕೊಂಡು ಹಳ್ಳದ ದಾರಿ ತೋರಿಸುತ್ತಿದ್ದರು. ಕ್ಷೌರಿಕ ಬರಲಿಲ್ಲ, ಅಗಸರವಳು ಬರಲಿಲ್ಲ.

ಊರಿಗೆ ಒಂದು ಮಾತು ಮಾತ್ರ ಅರಗಲಿಲ್ಲ. ಯಾವ ವ್ಯಾಪಾರಿ ಸುಮ್ಮನೆ ಅಂಗಡಿ ಬಿಟ್ಟಾನು? ಪಾದ್ರಿ ಬಂಗಾರದ ಗಟ್ಟಿ ಕೊಟ್ಟಿದ್ದಾನೆ, ಈ ಬಡತನ ಬರೀ ಸೋಗು ಎಂದರು. ಹಳ್ಳದ ದಂಡೆಯಲ್ಲಿ ಆ ಮಾತು ನೀಲವ್ವನ ಕಿವಿಗೂ ಬಿತ್ತು. ಅವಳು ನಂಬಿದಳು. ನಂಬಬೇಕೆಂಬ ಆಸೆ ಅವಳಿಗಿತ್ತು.

ಅವಳ ಅಣ್ಣ ಮಹಾಲಿಂಗಪ್ಪ ಹೊಲಕ್ಕೆ ಹೋಗುವಾಗ ಹಳ್ಳದಲ್ಲಿ ಸಿಕ್ಕ ದಿನ ಅವಳು ತಡೆಯದೆ ಹೇಳಿಬಿಟ್ಟಳು: "ನಮ್ಮವರು ದಿನಾ ಮುಂಜಾನೆ ಮಗ್ಗದ ಕುಣಿ ಸುತ್ತ ತಾವ ನೆಲಾ ಸಾರಸ್ತಾರ. ಗಂಡಸರು ನೆಲಾ ಸಾರಸೂದು ಎಲ್ಲ್ಯರ ಕಂಡೀಯೇನಣ್ಣಾ?"

ನಾಲ್ಕನೆಯ ದಿನ ನಡು ಮಧ್ಯಾಹ್ನ ಮಹಾಲಿಂಗಪ್ಪ ಬಂದ. ಜೊತೆಗೆ ಅಂಗಡಿ ಪಡೆದ ಅವಳ ಮೈದುನ ಪ್ರಭುಲಿಂಗಪ್ಪ, ಗುದ್ದಲಿ ಹಾರೆ ಹಿಡಿದ ಎಂಟು ಜನ.

"ಎಲ್ಲಿ ಹುಗದೀ ಹೇಳಿಬಿಡೋ" ಎಂದ ಪ್ರಭುಲಿಂಗಪ್ಪ. ಅಣ್ಣ ಎನ್ನುವುದನ್ನು ಅವನು ಎಂದೋ ಬಿಟ್ಟಿದ್ದ. "ಕುಲಾ ಮಾರಿ ತಂದದ್ದು ಎಲ್ಲೈತಿ?"

"ಏನೂ ಇಲ್ಲ. ಅಗದು ನೋಡ್ರಿ" ಎಂದ ಗುರುಸಂಗಪ್ಪ. "ಮಗ್ಗ ಒಂದು ಉಳಸ್ರಿ. ಅದರ ಮ್ಯಾಲ ನಮ್ಮ ರೊಟ್ಟಿ."

ಮೊದಲ ಏಟು ಮಗ್ಗಕ್ಕೇ ಬಿತ್ತು. ಅರ್ಧ ನೇಯ್ದ ಸೀರೆ ಹರಿಯಿತು. ಕುಣಿಯನ್ನು ಆಳುದ್ದ ತೋಡಿದರು, ಒಲೆ ಕಿತ್ತರು, ಗೋಡೆಯ ಬುಡ ಬಗೆದರು. ಒಬ್ಬ ಜೋಳದ ಚೀಲವನ್ನು ಮಣ್ಣಿಗೆ ಸುರಿದು ಕಾಲಿನಿಂದ ಕೆದರಿದ. ಬಾಗಿಲಲ್ಲಿ ನಿಂತ ನೀಲವ್ವ ಪ್ರತಿ ಏಟಿಗೂ ಕುಣಿಯೊಳಗೆ ಇಣುಕಿದಳು. ಹಾರೆ ಒಮ್ಮೆ ಠಣ್ಣೆಂದಾಗ ಎಲ್ಲರಿಗಿಂತ ಮೊದಲು ಮುಂದೆ ಬಾಗಿದವಳು ಅವಳೇ. ಅದು ಕಲ್ಲು.

"ನನ್ನ ಕೊಟ್ಟಿಗಿ ಹಾಳ ಮಾಡ್ಯಾರಲ್ಲೋ!" ಎಂದು ಜಮಾಲಬಿ ಹೊರಗೆ ಅರಚುತ್ತಿದ್ದಳು.

ಏನೂ ಸಿಗದಿದ್ದಾಗ ಅವರ ಸಿಟ್ಟು ಇನ್ನೂ ಏರಿತು. ಪ್ರಭುಲಿಂಗಪ್ಪ ಅಣ್ಣನ ಕಪಾಳಕ್ಕೆ ಹೊಡೆದು, ನೆಲಕ್ಕೆ ಉಗುಳಿ, "ಬ್ಯಾರೆ ಕಡೆ ಇಟ್ಟಾನ" ಎಂದು ಹೊರಟ. ಉಳಿದವರೂ ಹೋದರು. ಅವಸರದಲ್ಲಿ ಒಂದು ಹಾರೆ ಅಲ್ಲೇ ಉಳಿಯಿತು.

ನೀಲವ್ವ ಅದನ್ನು ಎತ್ತಿಕೊಂಡಳು. ಬೀಸುವ ಕಲ್ಲಿನ ಕೆಳಗಷ್ಟೇ ಯಾರೂ ಅಗೆದಿರಲಿಲ್ಲ. ಕಲ್ಲನ್ನು ಉರುಳಿಸಿ ಅಗೆಯತೊಡಗಿದಳು. ಮೊಣಕೈವರೆಗೆ ಮಣ್ಣಾಯಿತು, ಅಂಗೈ ಸುಲಿಯಿತು. ಗುರುಸಂಗಪ್ಪ ನೋಡುತ್ತಲೇ ನಿಂತ. ಅವಳು ಹುಡುಕುತ್ತಿರುವುದೂ ಅದೇ ಬಂಗಾರ ಎಂದು ಆಮೇಲೆ ಅವನಿಗೆ ತಿಳಿಯಿತು.

"ನೀನ ಹೇಳಿದ್ದೇನ ಅವರಿಗೆ?" ಅವನು ದನಿ ಏರಿಸಿದ್ದನ್ನು ಅವಳು ಕೇಳಿದ್ದು ಅದೇ ಮೊದಲು.

"ಹೌದ್ರಿ, ನಾನ! ಇರಲಿ, ಸಿಗಲಿ ಅಂತ ಬೇಡಿಕೊಂಡೆ. ಸಿಕ್ಕಿದ್ರ ನೀವು ಕಳ್ಳರು ಅಂತಾದ್ರೂ ತಿಳೀತಿತ್ತು. ಹುಚ್ಚರ ಕೂಡ ಬಾಳ್ವಿ ಮಾಡಾಕತ್ತೀನಿ ಅನ್ನೂದು ತಪ್ಪತಿತ್ತು." ಹಾರೆ ಕೈಯಲ್ಲೇ ಇತ್ತು. "ಮತ್ತ ಆ ನೆಲಾ ಯಾಕ ಸಾರಸ್ತಿದ್ರಿ?"

"ನೆಲಾ ತೇವ ಐತಿ, ಸಗಣಿ ಮೆತ್ತದಿದ್ರ ನೂಲು ಕೊಳೀತೈತಿ. ನಿನಗ ಸಾರಸು ಅನ್ನೋಣಂದ್ರ ನೀ ಮಾತ ಬಿಟ್ಟಿದ್ದಿ."

ನೀಲವ್ವನ ಕಣ್ಣಲ್ಲಿ ನೀರು ಬಂತು, ಸಿಟ್ಟು ಇಳಿಯಲಿಲ್ಲ. "ನಿಮ್ಮ ಅಂಗಡಿ ನೀವು ಬಿಟ್ರಿ, ಅದು ನಿಮ್ಮದು. ಪುತಳಿ ಸರ ನಮ್ಮಪ್ಪ ನನಗ ಹಾಕಿದ್ದು. ಅಷ್ಟು ಮಂದಿ ಮುಂದ ಕೇಳಿದ್ರ ಒಲ್ಲೆ ಅನ್ನಾಕ ಬಾಯಿ ಬರತೈತೇನು? ನಾ ಕೊಡಲಿಲ್ಲ. ನೀವು ಕಸಗೊಂಡ್ರಿ."

ಗುರುಸಂಗಪ್ಪ ಮುರಿದ ಮಗ್ಗದ ಮರದ ಮೇಲೆ ಕೂತ. ಹೊಡೆತ ಬಿದ್ದ ಕೆನ್ನೆ ಊದಿತ್ತು.

"ಖರೇ" ಎಂದ. "ಮನ್ಯಾಗ ಕೇಳಿದ್ರ ನೀ ಒಲ್ಲೆ ಅಂತಿದ್ದಿ. ಗೊತ್ತಿತ್ತು. ಅದಕ್ಕಂತನ ಅಲ್ಲಿ ಕೇಳಿದೆ."

ಅವಳು ಹಾರೆ ಕೆಳಗಿಟ್ಟಳು. ಈ ಮನುಷ್ಯ ತನ್ನ ತಪ್ಪನ್ನೂ ಬಚ್ಚಿಡಲಾರ ಎನ್ನಿಸಿತು. ಕ್ಷಮಿಸಲಿಲ್ಲ, ಆದರೆ ಜಮಾಲಬಿಯ ಮೊರ ತಂದು, ಅವನ ಎದುರು ಕೂತು, ಮಣ್ಣಿನಿಂದ ಜೋಳ ಹೆಕ್ಕತೊಡಗಿದಳು.

ಮರುದಿನ ಮಹಾಲಿಂಗಪ್ಪ ಬಂಡಿ ಕಟ್ಟಿಕೊಂಡು ಬಂದ. ಕೈಯಲ್ಲಿ ಹೊಸ ಇಳಕಲ್ ಸೀರೆ. ಒಳಗೆ ಕಾಲಿಡದೆ ಕೂಗಿದ: "ನಡಿ ತಂಗಿ. ಸ್ವಾಮಿಗಳ ಕಡೆಯಿಂದ ಶುದ್ಧಿ ಮಾಡಸ್ತೀನಿ. ಹೊಟ್ಟೀಲಿ ಒಂದು ಕೂಸಿಲ್ಲ, ಕೊರಳಾಗ ಒಂದು ಬಂಗಾರದ ಗುಂಡಿಲ್ಲ. ಈ ದನದ ಗ್ವಾದ್ಲ್ಯಾಗ ನಿನಗೇನೈತಿ?"

"ಏನೂ ಇಲ್ಲಣ್ಣಾ. ಅದನ್ನ ನೀವ ಹತ್ತು ಮಂದಿ ಅಗದು ನೋಡೀರಿ, ಆಮ್ಯಾಲ ನಾನೂ ಅಗದೆ. ಹಂಗ ನಿನ್ನ ಮನೀನೂ ಒಂದಿನ ಅಗಸಿ, ಏನೂ ಬಚ್ಚಿಟ್ಟಿಲ್ಲಂತ ತೋರಸ್ತೀ ಏನು?"

ಅಣ್ಣನ ಮುಖ ಕಪ್ಪಿಟ್ಟಿತು. "ಇವತ್ತಿಗೆ ನೀ ನಮಗ ಸತ್ತಿ" ಎಂದು ಸೀರೆಯನ್ನು ಬಂಡಿಗೆ ಎಸೆದು ಎತ್ತು ಹೊಡೆದ. ಧೂಳು ಅಡಗುವ ತನಕ ಅವಳು ಬಾಗಿಲಲ್ಲೇ ನಿಂತಿದ್ದಳು. ಆ ಸೀರೆಯ ಕೆಂಪು ಸೆರಗು ಕಣ್ಣಿಂದ ಹೋಗಲಿಲ್ಲ.

ಒಳಗೆ ಗುರುಸಂಗಪ್ಪ ಮಗ್ಗಕ್ಕೆ ಹಗ್ಗ ಸುತ್ತುತ್ತಿದ್ದ. ಹಿಂಜರಿಯುತ್ತಲೇ ಹೇಳಿದ: "ಹೊಲಗೇರಿ ಉಡಚವ್ವ ಮೂರು ದಿನಾ ಆತು ಜ್ವರದಾಗ ಮಲಗ್ಯಾಳ. ತೊಳದ ಜೋಳದಾಗ ಸ್ವಲ್ಪ..."

"ಒಲ್ಲೆ" ಎಂದಳು ನೀಲವ್ವ. "ಇವತ್ತು ಕೊಡೂದಿಲ್ಲ."

ಅವನು ತಲೆ ಎತ್ತಿ ನೋಡಿದ. "ಆತು" ಎಂದು ಮತ್ತೆ ಹಗ್ಗಕ್ಕೆ ಕೈ ಹಾಕಿದ.

ಆ ರಾತ್ರಿ ಇಬ್ಬರೂ ಹೊಟ್ಟೆ ತುಂಬ ಉಂಡರು. ಎರಡು ದಿನ ಕಳೆದ ಮೇಲೆ ನೀಲವ್ವ ತಾನಾಗಿಯೇ ಸೆರಗಿನಲ್ಲಿ ಜೋಳ ಕಟ್ಟಿಕೊಂಡು, ಬಾವಿಕಟ್ಟೆಯ ಮೇಲಿನವರು ಬೈಯುತ್ತಿರುವಾಗಲೇ ಅವರ ನಡುವೆ ಹಾದು, ಉಡಚವ್ವನ ಗುಡಿಸಲಿಗೆ ಹೋದಳು. ಗಂಡನಿಗೆ ಹೇಳಲಿಲ್ಲ.