ಗಡಿಯಾರದವಳ ಗಂಡನ ನಾಡಿ

ಗಡಿಯಾರ ರಿಪೇರಿ ಮಾಡುವವಳಿಗೆ ಗಂಡನ ಮೇಲೆ ಅನುಮಾನ ಬಂದದ್ದು ಅವನ ಅಂಗಿಗೆ ಅಂಟಿದ ಯಾವುದೋ ಕೂದಲಿನಿಂದಲ್ಲ, ಅವನ ಮಣಿಕಟ್ಟಿನಿಂದ. ಸಂಜೆ ಅಂಗಡಿ ಮುಚ್ಚಿ ಮನೆಗೆ ಬಂದವಳು ಚಪ್ಪಲಿ ಬಿಡುವ ಮೊದಲೇ ಗಂಡನ ನಾಡಿ ಹಿಡಿಯುವುದು ಮದುವೆಯಾದಾಗಿನಿಂದ ನಡೆದುಬಂದ ಪದ್ಧತಿ. ಅವಳ ಕೈ ತಾಕಿದ್ದೇ ತಡ, ಅದು ಓಟ ಕೀಳುತ್ತಿತ್ತು. ಓಡಿದರೆ ಪ್ರೀತಿ ಸರಿಯಾಗಿದೆ ಎಂದು ಅವಳ ಲೆಕ್ಕ.

ಲೆಕ್ಕಕ್ಕೆ ಆಧಾರವೂ ಇತ್ತು. ಮನೆಗಳಿಗೆ ಬಣ್ಣ ಬಳಿಯುವ ಈ ಮನುಷ್ಯ ಹಿಂದೊಮ್ಮೆ ಒಳಗೆಲ್ಲ ಬಣ್ಣ ಮೆತ್ತಿ ನಿಂತುಹೋದ ವಾಚನ್ನು ರಿಪೇರಿಗೆ ಕೊಟ್ಟಿದ್ದ. ವಾಪಸು ಪಡೆಯಲು ಬಂದಾಗ ಅವಳೇ ಕೈಗೆ ಕಟ್ಟಿದಳು. ಬೆರಳಿಗೆ ನಾಡಿ ತಾಕಿತು. ವಾಚಿನ ಮುಳ್ಳಿಗಿಂತ ಅದೇ ಜೋರಾಗಿ ಓಡುತ್ತಿತ್ತು. ಬಾಯಿಬಿಟ್ಟು ಏನೂ ಹೇಳದ ಗಂಡಸಿನ ಒಳಯಂತ್ರ ತನಗೆ ಕೇಳಿಸಿತೆಂದು ಹಿಗ್ಗಿ ಹೀರೇಕಾಯಿಯಾಗಿ, ಅವಳು ಅವನನ್ನೇ ಮದುವೆಯಾದಳು.

ಈಗ ಆ ನಾಡಿ ಎಮ್ಮೆ ನಡಿಗೆಗೆ ಇಳಿದಿತ್ತು. ಅವಳು ಹೊಸ ಬಟ್ಟೆ ತೊಟ್ಟು ನಿಂತಳು. ಬಾಗಿಲ ಹಿಂದೆ ಅಡಗಿ 'ಬೌ' ಎಂದಳು. ಕೊನೆಗೆ ಕಾಗದದ ಚೀಲ ಊದಿ ಅವನ ಕಿವಿಯ ಪಕ್ಕದಲ್ಲೇ ಒಡೆದಳು. ಅವನು ಪತ್ರಿಕೆಯಿಂದ ತಲೆ ಎತ್ತಿ, ಒಳ್ಳೇ ಚೀಲ ಹಾಳಾಯಿತಲ್ಲ ಎಂದು ಮರುಗಿದ. ನಾಡಿ ಮಾತ್ರ ಕದಲಲಿಲ್ಲ. ಆ ರಾತ್ರಿ ಅವಳು ಗೋಡೆಗೆ ಮುಖ ಮಾಡಿ ಅತ್ತಳು. ನನ್ನ ಗಂಡನಿಗೆ ನಾನು ಬೇಡವಾಗಿದ್ದೇನೆ ಎಂಬ ಯೋಚನೆ ಎದೆಯಲ್ಲಿ ಕಲ್ಲಿನಂತೆ ಕೂತಿತ್ತು.

ಬೆಳಿಗ್ಗೆ ಕೆಲಸದ ಬುದ್ಧಿ ಜಾಗೃತವಾಯಿತು. ಗಡಿಯಾರ ನಿಧಾನವಾದರೆ ಒಳಗೆ ಎಣ್ಣೆ ಅಂಟಾಗಿದೆ ಎಂದರ್ಥ. ಅಂಟು ತೆಗೆದರೆ ಮುಗಿಯಿತು. ಗಂಡ ನಿಧಾನವಾದದ್ದು ಯಾವಾಗಿನಿಂದ? ಏಣಿ ಹತ್ತಿದರೆ ಏದುಸಿರು ಬರುತ್ತದೆ, ಹೃದಯ ಸೋತಿದೆ ಎಂದು ಡಾಕ್ಟರಾದ ಅವನ ತಂಗಿ ಮಾತ್ರೆ ಕೊಟ್ಟಾಗಿನಿಂದ. ಅಲ್ಲಿಗೆ ಅಂಟು ಸಿಕ್ಕಿತು. ಅವಳು ಮಾತ್ರೆಗಳನ್ನು ಡಬ್ಬಿಯಿಂದ ತೆಗೆದಿಟ್ಟು, ಅದೇ ಗಾತ್ರದ ಪೆಪ್ಪರ್‌ಮಿಂಟ್ ತುಂಬಿದಳು. ಇತ್ತೀಚೆಗೆ ಔಷಧಿ ಎಷ್ಟು ರುಚಿಯಾಗಿದೆ ಎಂದು ಅವನು ತಂಗಿಯನ್ನು ಹೊಗಳಿದ.

ಕೆಲವು ದಿನಗಳಲ್ಲಿ ನಾಡಿ ಓಡತೊಡಗಿತು. ಅವಳು ಹಾಡು ಗುನುಗುತ್ತ ಅಂಗಡಿಗೆ ಹೋದಳು. ಮರುದಿನ ಸಂಜೆ ಬಂದು ನೋಡಿದರೆ ಗಂಡ ಏಣಿಯ ಕೆಳಗಿನ ಮೆಟ್ಟಿಲಲ್ಲಿ ಬೆವೆತು ಬಿಳಿಚಿ ಕೂತಿದ್ದ. ಕೈ ಹಿಡಿದಳು. ಅದು ಪ್ರೀತಿಯ ಓಟವಾಗಿರಲಿಲ್ಲ, ತಲೆಕೆಟ್ಟ ಅಲಾರಂ. ಗಣಪನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದಳು. ಅವನನ್ನೂ ಮಾತ್ರೆ ಡಬ್ಬಿಯನ್ನೂ ಆಟೋಗೆ ಹಾಕಿಕೊಂಡು ನಾದಿನಿಯ ಬಳಿಗೆ ಧಾವಿಸಿದಳು.

ಆಸ್ಪತ್ರೆಯಲ್ಲಿ ನಾದಿನಿ ಅಣ್ಣನನ್ನು ಒಂದು ಹದಕ್ಕೆ ತಂದು, ಡಬ್ಬಿ ಮೂಸಿ ನೋಡಿ, ಹೊರಗೆ ಬಂದಳು. ಅತ್ತಿಗೆ ಅಳುತ್ತ ಎಲ್ಲವನ್ನೂ ಒಪ್ಪಿಕೊಂಡಳು.

"ಅತ್ತಿಗೆ, ಹೃದಯದ ಮೇಲೆ ಗ್ರಾಹಕಗಳು ಅಂತ ಇರ್ತವೆ, ಕರೆಗಂಟೆ ಅಂದ್ಕೊಳ್ಳಿ. ಭಯ ಆದ್ರೆ, ಓಡಿದ್ರೆ, ಯಾರನ್ನೋ ನೋಡಿ ಖುಷಿ ಆದ್ರೆ ಅಡ್ರಿನಲಿನ್ ಬಂದು ಅದನ್ನ ಒತ್ತುತ್ತೆ, ಹೃದಯ ಜೋರಾಗಿ ಹೊಡ್ಕೊಳ್ಳುತ್ತೆ. ಆರೋಗ್ಯವಂತರಿಗೆ ಅದು ಬೇಕು. ಅಣ್ಣನ ಹೃದಯ ಸೋತಿತ್ತು, ಬೇಗ ಬೇಗ ಅಂತ ದೇಹ ಹಗಲೂ ರಾತ್ರಿ ಗಂಟೆ ಒತ್ತುತ್ತಾ ಇತ್ತು. ಕಾಟ ತಾಳಲಾರದೆ ಹೃದಯ ಒಂದೊಂದೇ ಗಂಟೆ ಕಿತ್ತುಹಾಕ್ತಿತ್ತು. ನಾನು ಕೊಟ್ಟ ಮಾತ್ರೆ ಗಂಟೆಗೆ ಮುಚ್ಚಳ. ಹೃದಯ ಸುಧಾರಿಸ್ಕೊಂಡು ಗಂಟೆಗಳನ್ನ ವಾಪಸ್ ಹಾಕ್ಕೊಳ್ತಿತ್ತು. ಅಷ್ಟರಲ್ಲಿ ನೀವು ಮುಚ್ಚಳ ತೆಗೆದ್ರಿ. ಎಲ್ಲಾ ಗಂಟೆ ಒಟ್ಟಿಗೆ ಬಾರಿಸ್ತು."

ಅಂದರೆ ನಿಧಾನವಾದದ್ದು ಪ್ರೀತಿಯಲ್ಲವೇ ಎಂದು ಅವಳು ಕೇಳಿದಳು. ಮಾತ್ರೆಗೆ ಅಷ್ಟು ದೂರ ಕೈ ಎಟುಕುವುದಿಲ್ಲ ಎಂದು ನಾದಿನಿ ನಕ್ಕಳು. ಇನ್ನು ಮೇಲೆ ಡಬ್ಬಿ ಮುಟ್ಟಿದರೆ ಗಡಿಯಾರಗಳನ್ನೆಲ್ಲ ನೀರಿಗೆ ಹಾಕುತ್ತೇನೆಂದು ಹೆದರಿಸಿಯೂ ಬಿಟ್ಟಳು.

ಒಳಗೆ ಅವನು ದಿಂಬಿಗೆ ಒರಗಿದ್ದ. ತಂಗಿ ಅವನಿಗೂ ವಿಷಯ ತಿಳಿಸಿದ್ದಳು. ಹೆಂಡತಿ ಅಭ್ಯಾಸಬಲದಿಂದ ಅವನ ಮಣಿಕಟ್ಟಿಗೆ ಕೈ ಚಾಚಿ, ನಾಚಿ ಹಿಂದಕ್ಕೆಳೆದುಕೊಂಡಳು.

"ಒಂದು ನಿಜ ಹೇಳ್ಲಾ?" ಎಂದ ಅವನು. "ವಾಚ್ ತಗೊಳ್ಳೋಕೆ ಬಂದ ದಿನ ನಾಡಿ ಓಡಿದ್ದು ನಿನ್ನ ಕೈ ತಾಕಿ ಅಲ್ಲ ಕಣೇ. ನೀನು ಅಂಗಡಿ ಮುಚ್ಚೋ ಹೊತ್ತಾಗಿತ್ತು. ಬಸ್ ಸಿಗದೆ ಇಡೀ ದಾರಿ ಓಡಿ ಬಂದಿದ್ದೆ."

ಅವಳ ಮುಖ ಬಾಡಿತು. ಇಷ್ಟು ವರ್ಷದ ಸಂಸಾರ ತಪ್ಪು ಲೆಕ್ಕದ ಮೇಲೆ ನಿಂತಿತ್ತೇ? ಹಾಗಾದರೆ ಅದು ಪ್ರೀತಿಯಲ್ಲ, ಬರೀ ಓಟ ಎಂದು ಗೊಣಗಿದಳು.

"ಬೆಪ್ಪುತಕ್ಕಡಿ," ಅಂದ ಅವನು. "ವಾಚಿಗೋಸ್ಕರ ಯಾರಾದ್ರೂ ಅಷ್ಟು ದೂರ ಓಡ್ತಾರಾ? ಅದರೊಳಗೆ ಬಣ್ಣ ಸುರಿದಿದ್ದೂ ನಾನೇ."